ಟೋಸ್ಟಿನ ಮೇಲೆ ಹೊಗೆಮೀನು

ಸ್ಕಾಟ್ಲೆಂಡಿನ ಮನೆಗಳಲ್ಲಿ ಔತಣಕ್ಕೆ ಅತಿಥಿಗಳು ಸೇರಿದಾಗ, ಊಟಕ್ಕೆ ಮುನ್ನ ಒಂದು ತಟ್ಟೆ ಕೈಯಿಂದ ಕೈಗೆ ಸಾಗುವುದುಂಟು. ಅದರಲ್ಲಿರುವುದು ಎರಡು ಬೆರಳಗಲದ ಟೋಸ್ಟಿನ ತುಂಡುಗಳು. ಒಂದೊಂದರ ಮೇಲೂ ಒಂದಿಷ್ಟು ಹೊಗೆಯಾಡಿಸಿದ ಮೀನು. ಇಂಥ ತಿನಿಸಿಗೆ ಫ್ರೆಂಚರು ಇಟ್ಟ ಹೆಸರು ‘ಕನಾಪೆ’. ಆ ಮಾತಿಗೆ ಒರಗುಪೀಠವೆಂದು ಅರ್ಥ. ಬ್ರೆಡ್ಡೆಂಬ ಪೀಠದ ಮೇಲೆ ಮೀನು ಒರಗಿದೆಯೆಂಬ ಭಾವ. ಇನ್ನೂ ಹಿಂದಕ್ಕೆ ಹೋದರೆ ಅದರ ಮೂಲ ಸೊಳ್ಳೆಯನ್ನು ಸೂಚಿಸುವ ಗ್ರೀಕ್ ಪದ! ಸೊಳ್ಳೆಪರದೆಯ ಮಂಚದಿಂದ ಪೀಠಕ್ಕೆ, ಪೀಠದಿಂದ ತಿನಿಸಿಗೆ ಹೆಸರು ಇಳಿದುಬಂದಿದೆ. ಭಾಷೆಯ ಈ ವಿನೋದವನ್ನು ಇಲ್ಲಿಗೇ ಬಿಟ್ಟು ತಟ್ಟೆಗೆ ಮರಳೋಣ.

ಮೊದಲು ಟೋಸ್ಟಿನ ವಿಚಾರ. ಬ್ರೆಡ್ಡಿನ ಒಳತಿರುಳು ಬಿಳಿಯಾಗಿಯೂ ಮೆತ್ತಗೂ ಇರುವುದೇಕೆ? ಅದರಲ್ಲಿ ನೀರಿರುವವರೆಗೆ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದಿಲ್ಲ. ಹೋಳನ್ನು ಕಾಯಿಸಿದಾಗ ಮೊದಲು ಮೇಲ್ಮೈಯ ನೀರು ಆವಿಯಾಗಿ ಹೋಗುತ್ತದೆ. ಅನಂತರವೇ ಉಷ್ಣತೆ 140 ಡಿಗ್ರಿಯ ಆಸುಪಾಸಿಗೆ ಏರಿ, ಹೊಂಬಣ್ಣವೂ ಪರಿಮಳವೂ ವೇಗವಾಗಿ ಹುಟ್ಟತೊಡಗುತ್ತವೆ. ಸಕ್ಕರೆಗಳೂ ಅಮೈನೋ ಆಮ್ಲಗಳೂ ಕೂಡಿ ನಡೆಸುವ ಈ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ವಿವರಿಸಿದನು. ಅವನ ಹೆಸರೇ ಆ ಕ್ರಿಯೆಗೆ ನಿಂತಿದೆ. ಆದರೆ ಬಣ್ಣ ಹೊಂಬಣ್ಣದಲ್ಲಿಯೇ ನಿಲ್ಲಬೇಕು. ಪಿಷ್ಟಭರಿತ ಆಹಾರವನ್ನು ಹೆಚ್ಚು ಕಾಯಿಸಿದರೆ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಉಂಟಾಗುವುದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಕರಿದಾದ ಅಂಚನ್ನು ಕೆರೆದು ತೆಗೆಯುವ ಅಜ್ಜಿಯರ ಅಭ್ಯಾಸ ತಪ್ಪೇನಲ್ಲ.

ಇನ್ನು ಹೊಗೆ. ಮರದಲ್ಲಿ ಸೆಲ್ಯುಲೋಸ್ ಮತ್ತು ಅದರ ಬಂಧುಗಳೂ, ಲಿಗ್ನಿನ್ ಎಂಬ ಗಟ್ಟಿಯಾದ ದ್ರವ್ಯವೂ ಇವೆ. ಮರದ ಪುಡಿ ಜ್ವಾಲೆಯಿಲ್ಲದೆ ಕನಲಿದಾಗ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಫೀನಾಲುಗಳಾಗುತ್ತದೆ; ಹೊಗೆಯ ರುಚಿಗೂ ವಾಸನೆಗೂ ಇವೇ ಮುಖ್ಯ ಕಾರಣ. ಸೆಲ್ಯುಲೋಸಿನ ಕಡೆಯಿಂದ ಬರುವ ಕಾರ್ಬೊನಿಲ್ ಸಂಯುಕ್ತಗಳು ಮೀನಿನ ಪ್ರೋಟೀನಿನೊಡನೆ ಕೂಡಿ ಅದಕ್ಕೆ ಜೇನುಬಣ್ಣ ಕೊಡುತ್ತವೆ. ಇದು ಮೈಯಾರ್ ಕ್ರಿಯೆಯ ದಾಯಾದಿಯೇ ಸರಿ! ಕೆಳಗಿನ ಬ್ರೆಡ್ಡೂ ಮೇಲಿನ ಮೀನೂ ಒಂದೇ ಮನೆತನದ ಬಣ್ಣವನ್ನು ತೊಟ್ಟಿವೆಯೆಂದಾಯಿತು.

ಹೊಗೆ ಹಾಕುವ ಪದ್ಧತಿ ಎರಡು ಬಗೆ. ಸಾಲ್ಮನ್ ಮೀನಿಗೂ, ಸೀಳಿದ ಹೆರಿಂಗ್ ಮೀನಿನ ‘ಕಿಪ್ಪರ್’ಗೂ ಸುಮಾರು 30 ಡಿಗ್ರಿಗಿಂತ ಕೆಳಗಿನ ತಣ್ಣನೆಯ ಹೊಗೆ, ಮೀನು ಬೇಯುವುದಿಲ್ಲ. ಆರ್‌ಬ್ರೋತ್ ಊರಿನ ಹ್ಯಾಡಕ್ ಮೀನುಗಳನ್ನಾದರೋ, ಬಾಲಗಳನ್ನು ಜೋಡಿಯಾಗಿ ಕಟ್ಟಿ, ಬಿಸಿ ಹೊಗೆಯಲ್ಲಿ ತೂಗುಹಾಕಿ ಬೇಯಿಸುತ್ತಾರೆ. ಅವಕ್ಕೆ 2004ರಲ್ಲಿ ಯೂರೋಪಿನ ಸಂರಕ್ಷಿತ ಭೌಗೋಳಿಕ ಹೆಸರೂ ದೊರೆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ಹೊಗೆ ತಾಗಿದ ಮೀನು ಕೆಡುವುದಿಲ್ಲವೆಂದು ಅನೇಕರು ನಂಬುತ್ತಾರೆ. ಹಿಂದೆ ಅದು ಬಹುಮಟ್ಟಿಗೆ ನಿಜವೇ ಆಗಿತ್ತು. ಬಿಸಿಲು ಧಾರಾಳವಾಗಿರುವ ನಮ್ಮ ಕರಾವಳಿಯಲ್ಲಿ ಮೀನಿಗೆ ಉಪ್ಪು ಹಾಕಿ ಮರಳದಂಡೆಯಲ್ಲಿ ಒಣಗಿಸುತ್ತಾರೆ; ಬಿಸಿಲು ಅಪರೂಪವಾದ ಉತ್ತರದ ನಾಡುಗಳಲ್ಲಿ ಆ ಕೆಲಸ ಉಪ್ಪಿಗೂ ಹೊಗೆಗೂ ಬಿದ್ದಿತು. ಲಕ್ಷದ್ವೀಪದವರು ಟ್ಯೂನ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ಮಾಡುವ ‘ಮಾಸ್’ ಮರದಂತೆ ಗಟ್ಟಿ, ತಿಂಗಳುಗಟ್ಟಲೆ ಉಳಿಯುತ್ತದೆ. ಇವೆಲ್ಲವನ್ನು ಕಾಯ್ದದ್ದು ಮುಖ್ಯವಾಗಿ ನೀರಿನ ಕೊರತೆ ಮತ್ತು ಉಪ್ಪು. ಇಂದಿನ ಗಿರಾಕಿಗೆ ಬೇಕಾದದ್ದು ಮೆದುವಾದ, ಉಪ್ಪು ಕಡಮೆಯ ಮೀನು. ಆದಕಾರಣ ಈಗಿನ ಹೊಗೆ ಬಹುಪಾಲು ಪರಿಮಳ ಮಾತ್ರ. ಬಣ್ಣವನ್ನು ಕಂಡು ಭದ್ರತೆಯನ್ನು ಊಹಿಸುವಂತಿಲ್ಲ.

ಈ ಭೇದವನ್ನು ಮರೆತದ್ದಕ್ಕೆ ತೆತ್ತ ಬೆಲೆ ದೊಡ್ಡದು. 1963ರಲ್ಲಿ ಅಮೆರಿಕದ ಮಹಾಸರೋವರಗಳ ಹೊಗೆಮೀನನ್ನು ತಿಂದ ಹಲವರು ಬಾಟ್ಯುಲಿಸಂ ಎಂಬ ವಿಷಬಾಧೆಯಿಂದ ಸತ್ತರು. ಗಾಳಿ ತೆಗೆದು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕವಿಲ್ಲ. ಬಿಸಿ ಹೊಗೆಗೂ ಸಾಯದ ಬೀಜಕಣಗಳು ಶೈತ್ಯ ತಪ್ಪಿದೊಡನೆ ಅಲ್ಲಿ ಮೊಳೆತು ವಿಷವನ್ನು ತಯಾರಿಸಬಲ್ಲವು. ಈ ಬಗೆಯ ವಿಷ ಕೆಟ್ಟ ವಾಸನೆಯಿಂದ ಎಚ್ಚರಿಸುವುದೂ ಇಲ್ಲ. ತಣ್ಣನೆಯ ಹೊಗೆಯ ಮೀನಿನಲ್ಲಿ ಇನ್ನೊಂದು ಭಯ, ಲಿಸ್ಟೀರಿಯ. ಶೀತಕದೊಳಗೂ ನಿಧಾನವಾಗಿ ಬೆಳೆಯುವ ಈ ಸೂಕ್ಷ್ಮಜೀವಿ ಗರ್ಭಿಣಿಯರಿಗೂ ವೃದ್ಧರಿಗೂ ಹೆಚ್ಚು ಅಪಾಯಕಾರಿ. 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಗಾಯಗಳ ರೋಗಾಣುಗಳನ್ನು ಕೊಲ್ಲಲು ಬಳಸಿದ್ದು ಕಾರ್ಬಾಲಿಕ್ ಆಮ್ಲ, ಎಂದರೆ ಫೀನಾಲನ್ನೇ. ಹೊಗೆಯಲ್ಲಿಯೂ ಫೀನಾಲುಗಳಿವೆ, ಆದರೆ ಅವು ಸ್ವಲ್ಪ, ಅದೂ ಮೇಲ್ಮೈಯಲ್ಲಿ. ಆ ಹೊಗೆಯನ್ನು ತಾಳಿಕೊಂಡು ಬದುಕುವ ಜೀವಿಗೇ 1940ರಲ್ಲಿ ಲಿಸ್ಟರನ ಗೌರವಾರ್ಥ ಹೆಸರಿಟ್ಟದ್ದು ವಿಜ್ಞಾನದ ಒಂದು ತಮಾಷೆ.

ಇಷ್ಟು ತಿಳಿದಮೇಲೆ ತಯಾರಿಕೆ ಸುಲಭ. ಮೀನು ತಿನ್ನುವ ಮನೆಯವರು ನಮ್ಮ ಬಂಗಡೆಯ ಕುಲಬಂಧುವಾದ ಮ್ಯಾಕೆರೆಲ್ ಮೀನನ್ನು, ಬಿಸಿ ಹೊಗೆಯಲ್ಲಿ ಬೆಂದದ್ದನ್ನು, ಆರಿಸಿಕೊಳ್ಳಬಹುದು. ಬ್ರೆಡ್ಡಿನ 8 ಹೋಳುಗಳನ್ನು ನಾಲ್ಕು ನಾಲ್ಕಾಗಿ ಕತ್ತರಿಸಿದರೆ 32 ತುಂಡುಗಳು. ಅವುಗಳಿಗೆ ಬೆಣ್ಣೆ ಸವರಿ 180 ಡಿಗ್ರಿಯ ಒಲೆಪೆಟ್ಟಿಗೆಯಲ್ಲಿ ಸುಮಾರು 10 ನಿಮಿಷ, ಇಲ್ಲವೆ ಸಣ್ಣ ಉರಿಯ ಕಾವಲಿಯ ಮೇಲೆ, ಗರಿಯಾಗುವವರೆಗೆ ಕಾಯಿಸಿ ಆರಿಸಬೇಕು. 200 ಗ್ರಾಂ ಮೀನಿನ ಚರ್ಮವನ್ನೂ ಮುಳ್ಳನ್ನೂ ತೆಗೆದು, 50 ಗ್ರಾಂ ಬೆಣ್ಣೆ, ಮೆಣಸಿನ ಪುಡಿ, ಅರ್ಧ ನಿಂಬೆಯ ರಸ ಸೇರಿಸಿ ಕಿವುಚಬೇಕು. ಉಪ್ಪು ಬೇಡ, ಮೀನಿನಲ್ಲಿಯೇ ಸಾಕಷ್ಟಿದೆ. ನಿಂಬೆ ಕೇವಲ ರುಚಿಗಲ್ಲ. ಕಡಲಮೀನಿನ ನಾತಕ್ಕೆ ಕಾರಣವಾದ ಟ್ರೈಮೀಥೈಲಮೀನ್ ಒಂದು ಪ್ರತ್ಯಾಮ್ಲ. ನಿಂಬೆಯ ಆಮ್ಲದೊಡನೆ ಅದು ಲವಣವಾಗಿ ಬಿಡುವುದರಿಂದ ಗಾಳಿಗೆ ಹಾರಿ ಮೂಗಿಗೆ ಬರುವುದು ಕಡಮೆಯಾಗುತ್ತದೆ.

ಮಿಶ್ರಣವನ್ನು ಮೊದಲೇ ಬ್ರೆಡ್ಡಿನ ಮೇಲಿಡುವುದು ತರವಲ್ಲ. ತೇವವು ಮೀನಿನಿಂದ ಒಣಗಿದ ಟೋಸ್ಟಿಗೆ ಸರಿದು ಗರಿತನವನ್ನು ಕಸಿಯುತ್ತದೆ. ಸವರಿದ ಬೆಣ್ಣೆ ಅದನ್ನು ತುಸು ಹೊತ್ತು ಮಾತ್ರ ತಡೆದೀತು. ಟೋಸ್ಟನ್ನು ಬೆಳಗ್ಗೆಯೇ ಮಾಡಿ ಡಬ್ಬಿಯಲ್ಲಿ ಮುಚ್ಚಿಡಬಹುದು. ಮೀನಿನ ಬಟ್ಟಲು ಮಾತ್ರ 4 ಡಿಗ್ರಿಯ ಶೀತಕದಲ್ಲಿರಲಿ. ಅತಿಥಿಗಳು ಕುಳಿತಮೇಲೆ ಹತ್ತೋ ಹನ್ನೆರಡೋ ತುಂಡುಗಳ ಮೇಲೆ ಹಚ್ಚಿ ತಂದು, ಅವು ಮುಗಿದಮೇಲೆ ಮತ್ತಷ್ಟು ಹಚ್ಚಬೇಕು. ಎರಡು ಗಂಟೆ ಮೇಜಿನ ಮೇಲೆ ಕಳೆದದ್ದನ್ನು, ಬೇಸಗೆಯ ಸೆಕೆಯಲ್ಲಾದರೆ ಒಂದೇ ಗಂಟೆ ಕಳೆದದ್ದನ್ನು, ಎಷ್ಟೇ ಘಮಘಮಿಸುತ್ತಿದ್ದರೂ ಎಸೆಯತಕ್ಕದ್ದು.