ಆಸ್ಪತ್ರೆ ಸಿಂಕಿನ ಕೆಳಗೆ ಏನಿದೆ?

(ಸಂಚಿಕೆಯ ಬರಹ ರೂಪ)

ಇವತ್ತಿನ ಪ್ರಶ್ನೆ ಇದು: ರೋಗ ಹರಡಬಾರದು ಅಂತ ಕೈ ತೊಳೆಯೋಕೆ ಇಟ್ಟ ಸಿಂಕೇ ರೋಗ ಹರಡಿದ್ರೆ?

ಇದು ನಿಜವಾಗಿ ನಡೆದಿದೆ. ಕೆನಡಾದ ಟೊರೊಂಟೊ ಜನರಲ್ ಆಸ್ಪತ್ರೆಯಲ್ಲಿ 2004ರ ಡಿಸೆಂಬರ್‌ನಿಂದ 2006ರ ಮಾರ್ಚ್‌ವರೆಗೆ, ಐಸಿಯು ಮತ್ತು ಅಂಗಾಂಗ ಕಸಿ ವಾರ್ಡ್‌ಗಳ 36 ರೋಗಿಗಳಲ್ಲಿ ಸ್ಯೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಕಾಣಿಸ್ತು. ಅದು ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದ ತಳಿ. ಮೂರು ತಿಂಗಳೊಳಗೆ 17 ಜನ ತೀರಿಕೊಂಡರು. ಅವರಲ್ಲಿ 12 ಜನರ ಸಾವಿಗೆ ಈ ಸೋಂಕು ನೇರ ಕಾರಣ, ಇಲ್ಲವೇ ಒಂದು ಕಾರಣ.

ಹುಡುಕಿದಾಗ ಸಿಕ್ಕಿದ್ದು ಸಿಂಕಿನ ಡ್ರೈನ್. ನಲ್ಲಿಯ ಬಾಯಿ ಸರಿಯಾಗಿ ಡ್ರೈನ್ ಮೇಲೇ ಇತ್ತು, ಬೇಸಿನ್ ಆಳ ಇರಲಿಲ್ಲ. ತನಿಖೆ ಮಾಡಿದವರು ಡ್ರೈನ್‌ಗೆ ಹೊಳೆಯೋ ಬಣ್ಣ ಹಾಕಿ, ನಲ್ಲಿ ಬಿಟ್ಟು, ಅಲ್ಟ್ರಾವಯಲೆಟ್ ದೀಪ ಹಿಡಿದು ನೋಡಿದ್ರು. ಬಣ್ಣದ ಹನಿಗಳು ಕನಿಷ್ಠ ಒಂದು ಮೀಟರ್ ದೂರ ಹಾರಿದ್ವು. ಪಕ್ಕದಲ್ಲೇ ಔಷಧಿ ರೆಡಿ ಮಾಡೋ ಕಟ್ಟೆ, ರೋಗಿಯ ಹಾಸಿಗೆ!

"ಡ್ರೈನ್‌ಗೆ ಕ್ರಿಮಿನಾಶಕ ಸುರಿದ್ರೆ ಮುಗೀತಲ್ಲ?" ಅಂತೀರಾ? ಸುರಿದ್ರು, ಕೆಲಸ ಆಗ್ಲಿಲ್ಲ. ಯಾಕಂದ್ರೆ ಅದರೊಳಗೆ ಬಯೋಫಿಲ್ಮ್ ಇರುತ್ತೆ. ಮನೆ ಸಿಂಕಿನ ಜಾಲರಿ ತೆಗೆದು ಒಳಗೆ ಬೆರಳಾಡಿಸಿದ್ರೆ ಜಾರೋ ಲೋಳೆ ಸಿಗುತ್ತಲ್ಲ, ಅದೇ. ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಕೋಟೆ ಅದು. ಕ್ರಿಮಿನಾಶಕ ಮೇಲ್ಪದರವನ್ನ ಸಾಯಿಸುತ್ತೆ, ಕೆಳಗಿರೋವು ಮತ್ತೆ ಬೆಳೀತವೆ.

ಇನ್ನೂ ಒಂದು ತಲೆನೋವಿದೆ. ಆಸ್ಪತ್ರೆ ಸಿಂಕಿಗೆ ಉಳಿದ ಔಷಧಿ, ರೋಗಿಯ ದೇಹದ ದ್ರವ ಎಲ್ಲಾ ಹೋಗಬಹುದು. ಅದರಲ್ಲಿರೋ ಚೂರುಪಾರು ಆಂಟಿಬಯೋಟಿಕ್ ಬ್ಯಾಕ್ಟೀರಿಯಾನ ಪೂರ್ತಿ ಸಾಯಿಸಲ್ಲ, ತಡೆದುಕೊಳ್ಳೋ ಶಕ್ತಿ ಇರೋವನ್ನ ಮಾತ್ರ ಉಳಿಸುತ್ತೆ. ಆ ಶಕ್ತಿಯ ಜೀನ್‌ಗಳನ್ನ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಬೇರೆ ಜಾತಿಗೂ ದಾಟಿಸಬಲ್ಲದು. ಲೋಳೆಯೊಳಗೆ ಎಲ್ಲವೂ ಅಂಟಿಕೊಂಡೇ ಇರೋದ್ರಿಂದ ಈ ಕೊಡು-ಕೊಳ್ಳುವಿಕೆ ಸುಲಭ.

ಅವು ಮೇಲಕ್ಕೆ ಬರೋದು ಹೇಗೆ? ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹೊಳೆಯೋ ಇ. ಕೋಲಿ ಬ್ಯಾಕ್ಟೀರಿಯಾ ಬಳಸಿ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ರು. ಸಿಂಕಿನ ಕೆಳಗಿನ ಬಾಗಿದ ಪೈಪ್‌ನಲ್ಲಿ ಬಿಟ್ಟ ಬ್ಯಾಕ್ಟೀರಿಯಾ, ಆಹಾರ ಸಿಕ್ಕಾಗ ದಿನಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್‌ನಂತೆ ಪೈಪ್ ಗೋಡೆ ಹತ್ತಿ ಜಾಲರಿ ತಲುಪ್ತು. ಅಲ್ಲಿಗೆ ನೀರು ಬಿದ್ದ ತಕ್ಷಣ ಸುತ್ತ ಸಿಡೀತು.

ಡ್ರೈನ್ ಅಷ್ಟೇ ಅಲ್ಲ, ನಲ್ಲಿಯೂ ತಾಣ ಆಗಬಹುದು. ಅಮೆರಿಕದ ಬೆಥೆಸ್ಡಾದಲ್ಲಿರೋ ಎನ್‌ಐಎಚ್ ಆಸ್ಪತ್ರೆಯ ಹೊಸ ಕಟ್ಟಡ 2005ರಲ್ಲಿ ಶುರುವಾಯ್ತು. 2006ರಿಂದ 2016ರವರೆಗೆ ಅಲ್ಲಿ 12 ರೋಗಿಗಳಿಗೆ ಸ್ಫಿಂಗೊಮೊನಾಸ್ ಕೊರಿಯೆನ್ಸಿಸ್ ಅನ್ನೋ ಅಪರೂಪದ ಬ್ಯಾಕ್ಟೀರಿಯಾ ತಗುಲಿತ್ತು. ಡಿಎನ್‌ಎ ಹೋಲಿಸಿ ನೋಡಿದ್ರೆ, ಮೂಲ ಕಟ್ಟಡದ ನೀರಿನ ಪೈಪ್ ವ್ಯವಸ್ಥೆ. ಅಂದ್ರೆ ಕಟ್ಟಡ ಹೊಸದು ಅಂದ ಮಾತ್ರಕ್ಕೆ ನೀರು ಸುರಕ್ಷಿತ ಅಲ್ಲ.

ಪರಿಹಾರ ಏನಾಯ್ತು? ಎನ್‌ಐಎಚ್‌ನಲ್ಲಿ ಕ್ಲೋರಿನ್ ಸೇರಿಸಿದ್ರು, ಬಿಸಿನೀರಿನ ತಾಪಮಾನ ಏರಿಸಿದ್ರು, ನಲ್ಲಿಗಳನ್ನ ಬದಲಾಯಿಸಿದ್ರು. ಟೊರೊಂಟೊದಲ್ಲಿ ನೀರು ನೇರ ಡ್ರೈನ್ ಮೇಲೆ ಬೀಳದ ಹಾಗೆ ಮಾಡಿ, ರಭಸ ತಗ್ಗಿಸಿ, ಸಿಂಕಿಗೂ ಔಷಧಿ ಕಟ್ಟೆಗೂ ನಡುವೆ ತಡೆ ಹಾಕಿದ್ರು. ಸೋಂಕು ನಿಂತಿತು. ನಾನು ಓದಿರೋದು ಕಾಮರ್ಸ್, ನನ್ನ ತಲೆ ಓಡೋದೇ ಖರ್ಚಿನ ಕಡೆ. ಹೊಸ ಆಂಟಿಬಯೋಟಿಕ್ ತಯಾರಾಗೋಕೆ ವರ್ಷಗಟ್ಟಲೆ ಬೇಕು, ನಲ್ಲಿಯ ಬಾಯಿ ಪಕ್ಕಕ್ಕೆ ಸರಿಸೋಕೆ ಒಬ್ಬ ಒಳ್ಳೆ ಪ್ಲಂಬರ್ ಸಾಕು. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ವಿರುದ್ಧದ ಈ ಹೋರಾಟದಲ್ಲಿ ಪ್ಲಂಬರ್ ಕೂಡ ಡಾಕ್ಟರ್‌ನಷ್ಟೇ ಮುಖ್ಯ.

ಹಾಗಂತ ಗಾಬರಿ ಬೇಡ, ಕೈ ತೊಳೆಯೋದನ್ನಂತೂ ಬಿಡಲೇಬೇಡಿ. ಆರೋಗ್ಯವಂತರಿಗೆ ಸ್ಯೂಡೊಮೊನಾಸ್‌ನಿಂದ ತೊಂದರೆ ಅಪರೂಪ. ಅಪಾಯ ಇರೋದು ಟ್ಯೂಬ್ ಹಾಕಿಸಿಕೊಂಡವರು, ಸುಟ್ಟ ಗಾಯದವರು, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ. ನೀವು ಯಾರ ಜೊತೆಗಾದ್ರೂ ಆಸ್ಪತ್ರೆಯಲ್ಲಿ ಉಳಿದಾಗ ಮೂರು ಕೆಲಸ ಮಾಡಿ:

ಒಂದು, ಉಳಿದ ಟೀ, ಜ್ಯೂಸ್, ಗಂಜಿಯನ್ನ ಕೈ ತೊಳೆಯೋ ಸಿಂಕಿಗೆ ಸುರೀಬೇಡಿ. ಅದು ಬ್ಯಾಕ್ಟೀರಿಯಾಗೆ ಊಟ.

ಎರಡು, ಮಾತ್ರೆ, ಚಮಚ, ಬ್ರಷ್, ಬ್ಯಾಂಡೇಜನ್ನ ಸಿಂಕಿನ ಪಕ್ಕ ಇಡಬೇಡಿ.

ಮೂರು, ಸಿಂಕ್ ಕಟ್ಟಿಕೊಂಡಿದ್ರೆ, ನೀರು ಸಿಡೀತಿದ್ರೆ ಅಲ್ಲಿನ ಸಿಸ್ಟರ್‌ಗೆ ಹೇಳಿ. ಸಣ್ಣ ವಿಷಯ ಅಂತ ಸುಮ್ಮನಿರಬೇಡಿ.

ಇವತ್ತಿಗೆ ಇಷ್ಟು. ಆಸ್ಪತ್ರೆಯಲ್ಲಿ ಯಾರನ್ನೋ ನೋಡ್ಕೊಳ್ತಿರೋ ಗೆಳೆಯರಿದ್ರೆ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ!