ಫೈಬರ್ ನೆಟ್ ಇದ್ದರೂ ಟಿವಿಯಲ್ಲಿ ಬಫರಿಂಗ್? ನೆಟ್‌ವರ್ಕ್ ಸ್ವಿಚ್ ಕೊಳ್ಳುವ ಮುನ್ನ ಇವು ಗೊತ್ತಿರಲಿ

ಪ್ಲಾನ್ 200 ಎಂಬಿಪಿಎಸ್. ರೂಟರ್ ಪಕ್ಕದಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ. ಆದರೆ ರಾತ್ರಿ ಹಾಲ್‌ನ ಟಿವಿಯಲ್ಲಿ ಸಿನಿಮಾ ಹಾಕಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಪಕ್ಕದ ಕೋಣೆಯ ಆಫೀಸ್ ಕಾಲ್‌ನಲ್ಲಿ ದನಿ ತುಂಡು ತುಂಡಾಗುತ್ತದೆ.

ನಾಗ್ಪುರದ ಮಿಹಾನ್‌ನಂಥ ಕಡೆ ಇದು ಬರೀ ಮನರಂಜನೆಯ ಪ್ರಶ್ನೆಯಲ್ಲ. ಡಾ. ಬಾಬಾಸಾಹೇಬ್ ಅಂಬೇಡ್ಕರ್ ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡಿರುವ ಈ ಪ್ರದೇಶದಲ್ಲಿ ಇನ್ಫೋಸಿಸ್, ಟಿಸಿಎಸ್, ಎಚ್‌ಸಿಎಲ್ ಕಚೇರಿಗಳಿವೆ, ಏಮ್ಸ್ ಮತ್ತು ಐಐಎಂ ಇವೆ. ಕೆಲಸಕ್ಕೆಂದು ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಹೋಗಿ ನೆಲೆಸುವ ಕುಟುಂಬದಲ್ಲಿ ಗಂಡ-ಹೆಂಡತಿ ಇಬ್ಬರ ಮೀಟಿಂಗ್, ಮಗುವಿನ ಆನ್‌ಲೈನ್ ತರಗತಿ, ಊರಿನಲ್ಲಿರುವ ಅಪ್ಪ-ಅಮ್ಮನ ಜೊತೆ ವಿಡಿಯೋ ಕಾಲ್, ಕನ್ನಡ ಚಾನೆಲ್ ಎಲ್ಲವೂ ಒಂದೇ ನೆಟ್ ಮೇಲೆ ನಿಂತಿರುತ್ತವೆ. ಅಂಗಡಿಗೆ ಹೋಗಿ ಕೇಳಿದರೆ ‘ಒಂದು ಸ್ವಿಚ್ ಹಾಕಿ ಸರ್’ ಎಂಬ ಉತ್ತರ ಸಿಗಬಹುದು. ಹಾಕಬೇಕೇ? ಹಾಕುವುದಾದರೆ ಯಾವುದು?

ಸ್ವಿಚ್ ಮಾಡುವ ಕೆಲಸ ಏನು?

ಮೊದಲೇ ಹೇಳಿಬಿಡಬೇಕಾದ ಮಾತು: ಸ್ವಿಚ್ ಹಾಕಿದರೆ ಇಂಟರ್ನೆಟ್ ವೇಗ ಹೆಚ್ಚುವುದಿಲ್ಲ. ರೂಟರ್‌ನಲ್ಲಿರುವ ಲ್ಯಾನ್ ಪೋರ್ಟ್‌ಗಳು ಸಾಲದಿದ್ದಾಗ ಒಂದು ವೈರನ್ನು ನಾಲ್ಕು ಅಥವಾ ಏಳು ಸಾಧನಗಳಿಗೆ ಹಂಚುವುದಷ್ಟೇ ಅದರ ಕೆಲಸ. ಹಳೆಯ ಕಾಲದ ಹಬ್ ಬಂದ ಮಾಹಿತಿಯನ್ನೆಲ್ಲ ಎಲ್ಲ ಪೋರ್ಟ್‌ಗಳಿಗೂ ಎರಚುತ್ತಿತ್ತು. ಸ್ವಿಚ್ ಹಾಗಲ್ಲ. ಯಾವ ಪೋರ್ಟ್‌ನಲ್ಲಿ ಯಾವ ಸಾಧನ ಇದೆ ಎಂಬುದನ್ನು ಅದರ ಮ್ಯಾಕ್ ವಿಳಾಸದಿಂದ ಕಲಿತುಕೊಂಡು, ಟಿವಿಯದ್ದನ್ನು ಟಿವಿಗೆ, ಲ್ಯಾಪ್‌ಟಾಪ್‌ನದ್ದನ್ನು ಲ್ಯಾಪ್‌ಟಾಪ್‌ಗೆ ಮಾತ್ರ ಕಳಿಸುತ್ತದೆ. ಅಂದಹಾಗೆ, 1990ರಲ್ಲಿ ಮೊದಲ ಈಥರ್ನೆಟ್ ಸ್ವಿಚ್ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ‘ಕಲ್ಪನಾ’. ಸಹಸ್ಥಾಪಕರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. 1994ರಲ್ಲಿ ಸಿಸ್ಕೋ ಅದನ್ನು ಕೊಂಡುಕೊಂಡಿತು.

ಹಾಗಾದರೆ ಸ್ಟ್ರೀಮಿಂಗ್‌ಗೆ ಲಾಭ ಎಲ್ಲಿಂದ? ವೈಫೈ ಬಿಟ್ಟು ವೈರ್‌ಗೆ ಬರುವುದರಿಂದ. ಅಪಾರ್ಟ್‌ಮೆಂಟ್‌ನಲ್ಲಿ ಪಕ್ಕದ ಮನೆ, ಮೇಲಿನ ಮನೆ, ಕೆಳಗಿನ ಮನೆ ಎಲ್ಲರ ವೈಫೈ ಒಂದೇ ಗಾಳಿಯಲ್ಲಿ ಗುದ್ದಾಡುತ್ತದೆ. ಮಧ್ಯೆ ಕಾಂಕ್ರೀಟ್ ಗೋಡೆ ಬೇರೆ. ಜಾಗ ಬಿಟ್ಟು ಕದಲದ ಟಿವಿ, ಸೆಟ್‌ಟಾಪ್ ಬಾಕ್ಸ್, ಆಫೀಸ್ ಕಂಪ್ಯೂಟರ್‌ಗಳನ್ನು ವೈರ್‌ಗೆ ಹಾಕಿದರೆ ಅವು ಆ ಗುದ್ದಾಟದಿಂದ ಪಾರಾಗುತ್ತವೆ, ಫೋನ್‌ಗಳಿಗೂ ವೈಫೈ ಹಗುರವಾಗುತ್ತದೆ. ರೂಟರ್‌ನಲ್ಲೇ ಖಾಲಿ ಪೋರ್ಟ್ ಇದ್ದರೆ ಸ್ವಿಚ್ ಖರ್ಚೇ ಬೇಡ, ಒಂದು ಕೇಬಲ್ ಸಾಕು.

100 ಸಾಕೇ, ಗಿಗಾಬಿಟ್ ಬೇಕೇ?

ಲೆಕ್ಕ ಹಾಕಿದರೆ 100 ಎಂಬಿಪಿಎಸ್ ಸ್ವಿಚ್ ಸಾಕು ಅನ್ನಿಸುತ್ತದೆ. 4ಕೆ ವಿಡಿಯೋಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ಒಂದು 4ಕೆ, ಎರಡು ಎಚ್‌ಡಿ, ಮೇಲೊಂದು ವಿಡಿಯೋ ಕಾಲ್ ಸೇರಿಸಿದರೂ 30ರ ಆಸುಪಾಸು.

ಎಡವಟ್ಟಾಗುವುದು ಇಲ್ಲಿ: ಸ್ವಿಚ್‌ಗೆ ಜೋಡಿಸಿದ ಸಾಧನಗಳೆಲ್ಲ ರೂಟರ್ ತಲುಪುವುದು ಒಂದೇ ವೈರ್ ಮೂಲಕ. ಸ್ವಿಚ್ 100 ಎಂಬಿಪಿಎಸ್‌ನದ್ದಾದರೆ ಆ ವೈರ್‌ನ ಮಿತಿಯೂ ಅಷ್ಟೇ. ಕಂಪ್ಯೂಟರ್ ದೊಡ್ಡದೊಂದು ಅಪ್‌ಡೇಟ್ ಇಳಿಸಿಕೊಳ್ಳಲು ಶುರು ಮಾಡಿದರೆ ಸಿಕ್ಕಷ್ಟು ಜಾಗ ನುಂಗುತ್ತದೆ, ಟಿವಿ ಮತ್ತು ಮೀಟಿಂಗ್ ಹಿಂದೆ ಸಾಲು ನಿಲ್ಲುತ್ತವೆ. 200ರ ಪ್ಲಾನ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಿಯೂ ಅರ್ಧ ಕೈಗೆ ಸಿಗುವುದಿಲ್ಲ. ಗಿಗಾಬಿಟ್ ಸ್ವಿಚ್‌ನಲ್ಲಿ ಈ ಇಕ್ಕಟ್ಟು ಇರುವುದಿಲ್ಲ. ಐದು ಪೋರ್ಟ್‌ನ ಸಾದಾ ಗಿಗಾಬಿಟ್ ಸ್ವಿಚ್ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಚೀಚೆ ಸಿಗುವಾಗ ಕೆಲವು ನೂರು ಉಳಿಸಲು 100ರದ್ದನ್ನು ತರುವುದು ಜಾಣತನವಲ್ಲ. ಬಾಕ್ಸ್ ಮೇಲೆ 10/100 ಎಂದಷ್ಟೇ ಇದ್ದರೆ ವಾಪಸ್ ಇಡಿ. 10/100/1000 ಎಂದಿರಬೇಕು.

ಒಂದು ವಿಚಿತ್ರವೂ ಇದೆ. ಎಷ್ಟೋ ದುಬಾರಿ ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟೇ 100 ಎಂಬಿಪಿಎಸ್‌ನದ್ದು. ಒಟಿಟಿಗೆ ಅದು ಧಾರಾಳ. ಆದರೆ ಹಾರ್ಡ್ ಡಿಸ್ಕ್‌ನಲ್ಲಿರುವ ಭಾರೀ 4ಕೆ ಫೈಲನ್ನು ಮನೆಯ ನೆಟ್‌ವರ್ಕ್ ಮೂಲಕ ಟಿವಿಗೆ ಕಳಿಸಿದರೆ ಕೆಲವು ದೃಶ್ಯಗಳಲ್ಲಿ ಅದು 100 ದಾಟಿ ಚಿತ್ರ ತಡವರಿಸಬಹುದು. ಆಗ ತಪ್ಪು ಸ್ವಿಚ್‌ನದ್ದಲ್ಲ. ಅಂಥ ಟಿವಿಗೆ 5 ಗಿಗಾಹರ್ಟ್ಸ್ ವೈಫೈಯೇ ವಾಸಿ.

ಮ್ಯಾನೇಜ್ಡ್ ಸ್ವಿಚ್ ಬೇಕೇ? ಹೆಚ್ಚಿನ ಮನೆಗಳಿಗೆ ಬೇಡ. ಇಂಟರ್ನೆಟ್ ಕಂಪನಿಯೇ ಟಿವಿ ಚಾನೆಲ್‌ಗಳನ್ನು ಮಲ್ಟಿಕಾಸ್ಟ್ ಐಪಿಟಿವಿಯಾಗಿ ಕೊಡುತ್ತಿದ್ದರೆ ಮಾತ್ರ ಐಜಿಎಂಪಿ ಸ್ನೂಪಿಂಗ್ ಇರುವ ಮಾದರಿ ನೋಡಿ. ಅದು ಇಲ್ಲದಿದ್ದರೆ ಚಾನೆಲ್‌ನ ಹರಿವು ಎಲ್ಲ ಪೋರ್ಟ್‌ಗಳಿಗೂ ನುಗ್ಗುತ್ತದೆ. ‘ಗೇಮಿಂಗ್’, ‘ಕ್ಯೂಒಎಸ್’ ಎಂಬ ಸ್ಟಿಕ್ಕರ್‌ಗೆ ಹೆಚ್ಚು ಹಣ ಕೊಡುವ ಅಗತ್ಯ ಕಡಿಮೆ. ಸ್ವಿಚ್ ಗಿಗಾಬಿಟ್ ಆದ ಮೇಲೆ ದಟ್ಟಣೆ ಆಗುವುದು ರೂಟರ್‌ನಿಂದ ಹೊರಗೆ ಹೋಗುವ ದಾರಿಯಲ್ಲಿ. ಮೀಟಿಂಗ್‌ಗೆ ಆದ್ಯತೆ ಕೊಡುವ ಸೆಟ್ಟಿಂಗ್ ಇರಬೇಕಾದದ್ದೂ ರೂಟರ್‌ನಲ್ಲೇ.

ನಾಗ್ಪುರದ ಬಿಸಿಲು ಮರೆಯಬೇಡಿ

ಬೆಂಗಳೂರಿನಲ್ಲಿ ಯಾರೂ ಅಷ್ಟಾಗಿ ಯೋಚಿಸದ ಸಂಗತಿ ಇದು. ಮನೆಬಳಕೆಯ ಸ್ವಿಚ್‌ಗಳ ಮ್ಯಾನುಯಲ್ ತೆರೆದರೆ ಕೆಲಸ ಮಾಡುವ ತಾಪಮಾನ ಸಾಮಾನ್ಯವಾಗಿ 0ಯಿಂದ 40 ಡಿಗ್ರಿ ಎಂದಿರುತ್ತದೆ. ನಾಗ್ಪುರದ ಮೇ ತಿಂಗಳು 45 ಡಿಗ್ರಿ ಮುಟ್ಟುವುದು ಹೊಸದೇನಲ್ಲ. 2024ರ ಮೇ ಕೊನೆಯಲ್ಲಿ ಅಲ್ಲಿನ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿ ದೇಶವೇ ಬೆಚ್ಚಿತ್ತು. ಅದು ಸೆನ್ಸರ್ ದೋಷ ಎಂದು ಹವಾಮಾನ ಇಲಾಖೆ ಸ್ಪಷ್ಟಪಡಿಸಿತು. ಆದರೆ ಬಾಗಿಲು ಮುಚ್ಚಿದ ಟಿವಿ ಕಪಾಟಿನಲ್ಲಿ ಸೆಟ್‌ಟಾಪ್ ಬಾಕ್ಸ್ ಮೇಲೆ ರೂಟರ್, ರೂಟರ್ ಮೇಲೆ ಸ್ವಿಚ್ ಪೇರಿಸಿಟ್ಟರೆ ಒಳಗಿನ ಬಿಸಿ 40 ದಾಟಲು ಹೆಚ್ಚು ಹೊತ್ತು ಬೇಡ. ಬಿಸಿಯಾದ ಸ್ವಿಚ್ ಒಮ್ಮೆಲೇ ಸಾಯುವುದಿಲ್ಲ, ಆಗಾಗ ಸಂಪರ್ಕ ತಪ್ಪಿಸುತ್ತದೆ. ಜನ ಇಂಟರ್ನೆಟ್ ಕಂಪನಿಗೆ ಬೈಯುತ್ತಾರೆ.

ಹಾಗಾಗಿ ಫ್ಯಾನ್ ಇಲ್ಲದ, ಲೋಹದ ಕವಚದ ಸ್ವಿಚ್ ಒಳ್ಳೆಯದು. ಲೋಹ ಬಿಸಿಯನ್ನು ಬೇಗ ಹೊರಹಾಕುತ್ತದೆ. ಕಪಾಟಿನ ಹೊರಗೆ, ಗೋಡೆಗೆ ತೂಗುಹಾಕಿದರೆ ಇನ್ನೂ ಉತ್ತಮ. ಏರ್ ಕೂಲರ್‌ನ ಒದ್ದೆ ಗಾಳಿ ನೇರವಾಗಿ ಬೀಸುವ ಜಾಗ ಬೇಡ.

ಕರೆಂಟ್ ವಿಷಯವೂ ಹಾಗೆಯೇ. ರೂಟರ್‌ಗೆ ಮಾತ್ರ ಮಿನಿ ಯುಪಿಎಸ್ ಹಾಕಿ ಸ್ವಿಚ್ ಮರೆತರೆ, ಕರೆಂಟ್ ಹೋದಾಗ ವೈರ್‌ನಲ್ಲಿದ್ದ ಆಫೀಸ್ ಲ್ಯಾಪ್‌ಟಾಪ್ ಮೀಟಿಂಗ್ ಮಧ್ಯೆ ಕಡಿದುಹೋಗುತ್ತದೆ. ಸ್ವಿಚ್‌ಗಳ ಅಡಾಪ್ಟರ್ 5, 9, 12 ವೋಲ್ಟ್ ಹೀಗೆ ಬೇರೆ ಬೇರೆ ಇರುತ್ತವೆ. ಪಿನ್ ಕೂರುತ್ತದೆ ಎಂದು ರೂಟರ್‌ನ ಅಡಾಪ್ಟರ್ ಚುಚ್ಚಿದರೆ ಸ್ವಿಚ್ ಸುಟ್ಟುಹೋಗಬಹುದು.

ಕೇಬಲ್‌ನಲ್ಲಿ ಜಿಪುಣತನ ಬೇಡ

ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೂ ಗಿಗಾಬಿಟ್ ಸಾಗಿಸುತ್ತದೆ. ಕೊಳ್ಳುವಾಗ ಶುದ್ಧ ತಾಮ್ರದ್ದೇ ಎಂದು ಕೇಳಿ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಮಾತ್ರ ಇರುತ್ತದೆ. ಒಳಗಿರುವ ನಾಲ್ಕು ಜೋಡಿ ತಂತಿಗಳಲ್ಲಿ 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಬಾಗಿಲ ಸಂದಿಯಲ್ಲಿ ಸಿಕ್ಕಿ ಒಂದು ತಂತಿ ತುಂಡಾದರೂ ಸಾಕು, ನೆಟ್ ನಿಲ್ಲದೆ ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು.

ಸ್ವಿಚ್ ಹಾಕಿದ ದಿನವೇ ಪರೀಕ್ಷಿಸಿಕೊಳ್ಳುವುದು ಸುಲಭ. ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ, ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ಲ್ಯಾಪ್‌ಟಾಪ್‌ನ ಪೋರ್ಟ್ ಕೂಡ ಗಿಗಾಬಿಟ್ ಆಗಿದ್ದು 1000 ಬದಲು 100 ತೋರಿಸಿದರೆ, ಸ್ವಿಚ್ ವಾಪಸ್ ಕೊಡುವ ಮೊದಲು ಕೇಬಲ್ ಬದಲಿಸಿ ನೋಡಿ. ಇಡೀ ಮನೆಯ ನೆಟ್ ಒಮ್ಮೆಗೇ ಸತ್ತು ಸ್ವಿಚ್‌ನ ದೀಪಗಳೆಲ್ಲ ಹುಚ್ಚೆದ್ದು ಮಿನುಗುತ್ತಿದ್ದರೆ, ಒಂದೇ ಕೇಬಲ್‌ನ ಎರಡೂ ತುದಿ ಅದೇ ಸ್ವಿಚ್‌ಗೆ ಸೇರಿದೆಯೇ ಎಂದು ಹುಡುಕಿ. ಮಕ್ಕಳಿರುವ ಮನೆಯಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ.