ಗೈಡ್ ದಳವೂ ಬಾಲಿಕೆಯರ ಕಾಲ್ನಡಿಗೆಯ ಸಂಚಾರವೂ

ಪಾಠಶಾಲೆಯಲ್ಲಿ ಕಲಿಯತಕ್ಕ ವಿದ್ಯೆಯೆಲ್ಲವೂ ನಾಲ್ಕು ಗೋಡೆಗಳ ನಡುವೆಯೇ ಮುಗಿಯತಕ್ಕದ್ದಲ್ಲ. ದೂರ ನಡೆಯುವುದು, ಕಂಡುದನ್ನು ಗಮನವಿಟ್ಟು ನೋಡುವುದು, ಬಯಲಿನಲ್ಲಿ ಕಲ್ಲುಗಳ ಒಲೆ ಹೂಡಿ ಅಡಿಗೆ ಮಾಡುವುದು, ಜೊತೆಗಾತಿಯ ಕಾಲು ಉಳುಕಿದರೆ ಧೈರ್ಯಗೆಡದೆ ಪಟ್ಟಿ ಕಟ್ಟುವುದು, ಇವೂ ವಿದ್ಯೆಗಳೇ ಸರಿ. ಬಾಲಿಕೆಯರಿಗೆ ಇವನ್ನು ಕ್ರಮವಾಗಿ ಕಲಿಸುವ ಸಂಸ್ಥೆಯೇ ಗೈಡ್ ದಳ. ಅದರ ಪೂರ್ವ ಚರಿತ್ರೆಯನ್ನೂ ಕಾರ್ಯಕ್ರಮವನ್ನೂ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ಸಂಗ್ರಹವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಈ ಸಂಸ್ಥೆಯನ್ನು ಹುಡುಗಿಯರಿಗೆ ಯಾರೂ ತಾವಾಗಿ ಕೊಟ್ಟುದಲ್ಲ. ಅವರೇ ಕೇಳಿ ಪಡೆದರು. ಬೇಡನ್ ಪೊವೆಲ್ ಎಂಬ ಸೇನಾಪತಿಯು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರಿಗಾಗಿ ಮೊದಲನೆಯ ಶಿಬಿರವನ್ನು ನಡೆಯಿಸಿದನು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟರು ನೆರೆದಾಗ, ಕೆಲವು ಹುಡುಗಿಯರು ಕರೆಯದೆ ಬಂದು, ತಮಗೂ ಸ್ಥಾನ ಬೇಕೆಂದರು. ಅದರ ಫಲವಾಗಿ 1910ರಲ್ಲಿ ಆತನ ಸಹೋದರಿ ಆಗ್ನೆಸಳ ಮೇಲ್ವಿಚಾರಣೆಯಲ್ಲಿ ಗೈಡ್ ಸಂಸ್ಥೆಯು ಏರ್ಪಟ್ಟಿತು. ಮರುವರ್ಷವೇ, ಎಂದರೆ 1911ರಲ್ಲಿ, ನಮ್ಮ ದೇಶದ ಜಬಲ್ಪುರದಲ್ಲಿ ಮೊದಲನೆಯ ದಳವು ಸ್ಥಾಪಿತವಾಯಿತು. ಆರಂಭದಲ್ಲಿ ಅದು ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಬಾಲಿಕೆಯರಿಗೆ ಮೀಸಲಾದಂತಿದ್ದರೂ ಕ್ರಮೇಣ ಎಲ್ಲರಿಗೂ ತೆರೆಯಿತು. 1950ರ ನವೆಂಬರ್ 7ರಂದು ದೇಶದ ಸ್ಕೌಟ್ ಸಂಸ್ಥೆಗಳು ಒಂದುಗೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಹೆಸರನ್ನು ತಾಳಿದುವು. 1951ರಲ್ಲಿ ಗೈಡ್ ಸಂಸ್ಥೆಯೂ ಅದರಲ್ಲಿ ಸೇರಿತು. ಪುಣೆಯಲ್ಲಿ 1966ರಲ್ಲಿ ತೆರೆದ 'ಸಂಗಮ್' ಕೇಂದ್ರವು ನಾನಾ ದೇಶಗಳ ಗೈಡರು ಕೂಡುವ ಸ್ಥಳವಾಗಿದೆ.

ದಳದ ಕಟ್ಟಳೆಯು ಸರಳವಾದುದು. ಆರೆಂಟು ಹುಡುಗಿಯರದು ಒಂದು ಪಂಗಡ, ಅದಕ್ಕೆ ಹೂವಿನ ಹೆಸರು, ಅವರಲ್ಲೊಬ್ಬಳೇ ನಾಯಕಿ. ಇಂತಹ ಕೆಲವು ಪಂಗಡಗಳು ಕೂಡಿದರೆ ದಳ. ಅದರ ಮೇಲೆ ಶಿಕ್ಷಣ ಪಡೆದ ಮಹಿಳೆಯೊಬ್ಬಳು ಕ್ಯಾಪ್ಟನ್ ಆಗಿರುವಳು. ಹಗ್ಗದ ಗಂಟುಗಳು, ಪ್ರಥಮ ಚಿಕಿತ್ಸೆ, ದಿಕ್ಸೂಚಿಯಿಂದ ದಿಕ್ಕರಿಯುವುದು, ನಕ್ಷೆ ಓದುವುದು, ಇವೆಲ್ಲ ಅಭ್ಯಾಸದ ವಿಷಯಗಳು. ಮುಂದೆ ಹೋದವರು ಹಾದಿಯಲ್ಲಿ ಕಲ್ಲುಕಡ್ಡಿಗಳಿಂದ ಗುರುತನ್ನಿಟ್ಟು ಹಿಂದಿನವರಿಗೆ ದಾರಿ ತೋರುವರು. ವೃತ್ತದ ನಡುವೆ ಚುಕ್ಕೆಯಿದ್ದರೆ 'ಮನೆಗೆ ಹೋದೆನು' ಎಂದರ್ಥ.

ಇಂತಹ ಸಂಚಾರಕ್ಕೆ ನಮ್ಮ ಸೀಮೆಗಿಂತ ತಕ್ಕ ಸ್ಥಳ ಬೇರೆಲ್ಲಿ? ಬಸವಕಲ್ಯಾಣದಲ್ಲಿ ಕೋಟೆಯಿದೆ, ತ್ರಿಪುರಾಂತದ ಕೆರೆಯಿದೆ. ಹತ್ತಿರದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಹುಮನಾಬಾದಿನ ಕಡೆಯವರಿಗೆ ಮಾಣಿಕನಗರವೂ ಜಲಸಂಗ್ವಿಯೂ ಇವೆ. ಜಲಸಂಗ್ವಿಯ ದೇಗುಲದ ಗೋಡೆಯಲ್ಲಿ, ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶಾಸನವನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳುಂಟು. ಅಕ್ಷರ ಕಲಿತ ಪ್ರತಿಯೊಬ್ಬ ಬಾಲಿಕೆಯೂ ಅವಳನ್ನು ನಡೆದುಹೋಗಿ ಕಾಣತಕ್ಕದ್ದು. ಆ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಕಲ್ಯಾಣದಲ್ಲಿ ಆಳುತ್ತಿರುವಾಗ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಭೂಧರಕ್ರೀಡೆ, ವನಕ್ರೀಡೆಗಳನ್ನು, ಎಂದರೆ ಬೆಟ್ಟದ ಮತ್ತು ಕಾಡಿನ ವಿಹಾರಗಳನ್ನು ವಿವರಿಸಿದ್ದಾನೆ. ಅಂದು ಅರಸರಿಗೆ ಸಲ್ಲುತ್ತಿದ್ದ ಸುಖವು ಇಂದು ಬುತ್ತಿಯೊಂದಿದ್ದರೆ ರೈತನ ಮಗಳಿಗೂ ಸಲ್ಲುವುದು.

ಕಾಲವನ್ನು ಮಾತ್ರ ಅರಿತು ಹೊರಡಬೇಕು. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಕೀಳಗೊಡದು. ಬೇಸಗೆಯ ಬಿಸಿಲಂತೂ ಅಪಾಯಕರ. ಹಿಂಗಾರಿಯ ಜೋಳವು ಹೊಲದಲ್ಲಿ ನಿಂತಿರುವ ಚಳಿಗಾಲವೇ ಉತ್ತಮ. ನಸುಕಿನಲ್ಲಿ ಹೊರಟು, ನೀರನ್ನೂ ಜೋಳದ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಕಟ್ಟಿಕೊಂಡು, ಕತ್ತಲಾಗುವ ಮೊದಲೇ ಹಿಂದಿರುಗತಕ್ಕದ್ದು. ಒಲೆಯ ಬೆಂಕಿಯನ್ನು ನೀರು ಹಾಕಿ ಆರಿಸಿ, ಎಂಜಲೆಲೆಯೊಂದನ್ನೂ ಬಿಡದೆ ಸ್ಥಳವನ್ನು ಚೊಕ್ಕಟ ಮಾಡಿ ಬರುವುದು ದಳದ ಕಟ್ಟುನಿಟ್ಟಾದ ನಿಯಮ.

"ದೊಡ್ಡವಳಾದ ಮಗಳನ್ನು ಊರ ಹೊರಗೆ ಕಳುಹುವುದು ಹೇಗೆ?" ಎಂದು ತಾಯಂದಿರು ಕೇಳುವುದುಂಟು. ಈ ಶಂಕೆಯು ಅಕಾರಣವಾದುದಲ್ಲ. ಆದರೆ ಮನೆಯವರ ಒಪ್ಪಿಗೆಯಿಲ್ಲದೆ ಯಾರನ್ನೂ ಕರೆದೊಯ್ಯಕೂಡದು. ಹೋಗುವ ಹಾದಿಯನ್ನೂ ಮರಳುವ ಹೊತ್ತನ್ನೂ ಮುಂಚೆಯೇ ತಿಳಿಸಿರಬೇಕು. ಪಂಗಡವನ್ನು ಬಿಟ್ಟು ಒಬ್ಬಳೇ ಅಗಲಕೂಡದು. ಈ ಕಟ್ಟುಪಾಡಿನಲ್ಲಿ ನಡೆದವಳು ಹಾದಿಯ ಭಯವನ್ನೂ ಅದರ ಪರಿಹಾರವನ್ನೂ ಒಟ್ಟಿಗೆ ಅರಿಯುವಳು. ಮುಂದೆ ಅವಳು ಕೆಲಸಕ್ಕಾಗಿಯೋ ಸಂಸಾರಕ್ಕಾಗಿಯೋ ದೂರದೂರಿಗೆ ಹೋಗಬೇಕಾದವಳೇ ಅಲ್ಲವೆ? ಎಂದೂ ಹೊಸ್ತಿಲು ದಾಟದವಳಿಗೆ ಆ ದಿನ ಧೈರ್ಯವು ಎಲ್ಲಿಂದ ಬಂದೀತು?

ಹುಡುಗಿಯರಿಗೆ ಉತ್ಸಾಹದ ಕೊರತೆಯಿಲ್ಲ. ಅವರನ್ನು ಕರೆದೊಯ್ಯುವ ಹಿರಿಯ ಮಹಿಳೆಯಿಲ್ಲದಿದ್ದರೆ ಮಾತ್ರ ದಳವು ನಡೆಯಲಾರದು. ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿನಂತಿಯಿಷ್ಟೆ: ನಿಮ್ಮಲ್ಲಿ ಅನುಕೂಲವುಳ್ಳವರು ಗೈಡ್ ಶಿಕ್ಷಣವನ್ನು ಪಡೆದು, ತಿಂಗಳಿಗೆ ಒಂದು ದಿನವನ್ನಾದರೂ ಈ ಬಾಲಿಕೆಯರಿಗೆ ಕೊಡಿರಿ. ತಂದೆತಾಯಿಗಳು ಆ ಒಂದು ದಿನ ಮಗಳನ್ನು ಮನೆಗೆಲಸದಿಂದ ಬಿಡಿಸಿ, ಬುತ್ತಿ ಕಟ್ಟಿ ಕಳುಹಿಸಲಿ.